ಗೋಡೆಯಾಚೆಯ ಪ್ಲಾಟ್‌ಫಾರ್ಮ್

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಯೆತ್ತರದ ಕಾಂಪೌಂಡ್ ಗೋಡೆ. ಈ ಕಡೆ ನನ್ನ ಮಲ್ಲಿಗೆ ಬಳ್ಳಿ, ಆ ಕಡೆ ಅವರ ಕರಿಬೇವಿನ ಗಿಡ. ಮಲ್ಲಿಗೆ ಆಚೆ ಹೋಗಿ ಹೂ ಬಿಡುತ್ತದೆ, ಕರಿಬೇವು ಈಚೆ ಬಾಗಿ ಒಗ್ಗರಣೆಗೆ ಸಿಗುತ್ತದೆ. ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಯಜಮಾನರು ಚಹಾದ ಲೋಟವನ್ನು ಗೋಡೆಯ ಮೇಲಿಟ್ಟು ನಿಂತರೆಂದರೆ ನನಗೂ ಒಳಗೆ ಕೂರಲು ಮನಸ್ಸಾಗುವುದಿಲ್ಲ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಹೈದರಾಬಾದಿನ ಕಾಚಿಗುಡದಲ್ಲಿ ಮನೆ ಕಟ್ಟಿಸಿದ್ದೇ ರೈಲಿನ ಸದ್ದು ಕಿವಿಗೆ ಬೀಳುತ್ತಿರಲಿ ಎಂದು. ಹರೆಯದಲ್ಲಿ ಗುಂತಕಲ್ಲಿನಲ್ಲಿ ಬಹಳ ವರ್ಷ ಇದ್ದದ್ದರಿಂದ ಬಳ್ಳಾರಿ ಕಡೆಯ ಕನ್ನಡ ಅವರಿಗೆ ಸಲೀಸು. ನಾನು ರಾಯಚೂರಿನವನು, ತೆಲುಗು ನನಗೆ ಓಣಿಯಲ್ಲೇ ಸಿಕ್ಕಿದ್ದು. ಹಾಗಾಗಿ ನಮ್ಮ ಮಾತು ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ.

ಮೊನ್ನೆ ಅವರ ಮುಖ ಬಾಡಿತ್ತು. "ನಮ್ಮ ಹುಡುಗಿ ಎರಡು ದಿನದಿಂದ ನೆಟ್ಟಗೆ ಉಂಡಿಲ್ಲ ಮಾಸ್ಟ್ರೇ. ಅವರ ಪ್ಲಾಟ್‌ಫಾರ್ಮ್ ಖಾಲಿ ಬಿದ್ದಿದೆಯಂತೆ. ಯಾರೂ ಬರ್ತಿಲ್ಲವಂತೆ" ಎಂದರು. ಹುಡುಗಿ ಎಂದರೆ ಮೊಮ್ಮಗಳು. ಮಾದಾಪುರದ ಒಂದು ಪುಟ್ಟ ಕಂಪನಿಯಲ್ಲಿ ಕೆಲಸ. ನಲವತ್ತು ವರ್ಷ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಮನುಷ್ಯನಿಗೆ ಈ ಹೊಸ ಪ್ಲಾಟ್‌ಫಾರ್ಮ್ ಯಾವುದು ಎಂದು ಮೊದಲು ಬಿಡಿಸಿ ಹೇಳಬೇಕಾಯಿತು.

ಆ ಕಂಪನಿಯವರು ಹೊಲದ ಮಣ್ಣಿನಲ್ಲಿ ನೆಡುವ ಒಂದು ಸಣ್ಣ ಸಾಧನ ಮಾಡಿದ್ದಾರೆ. ಮಣ್ಣಿನಲ್ಲಿ ಎಷ್ಟು ಪಸೆ ಇದೆ ಎಂದು ಅದು ಫೋನಿಗೆ ತಿಳಿಸುತ್ತದೆ, ಹೇಳಿದರೆ ಪಂಪನ್ನೂ ಚಾಲೂ ಮಾಡುತ್ತದೆ. ಆದರೆ ಗುಂಟೂರಿನ ಮೆಣಸಿನಕಾಯಿಯ ಲೆಕ್ಕ ಬೇರೆ, ನಮ್ಮ ಸಿಂಧನೂರಿನ ಭತ್ತದ ಲೆಕ್ಕ ಬೇರೆ, ತೋಟದ ದಾಳಿಂಬೆಯದು ಇನ್ನೂ ಬೇರೆ. ಎಲ್ಲ ಬೆಳೆಗೂ ಎಲ್ಲ ಊರಿಗೂ ಬೇಕಾದ ಆ್ಯಪ್‌ಗಳನ್ನು ಹತ್ತು ಜನರ ಕಂಪನಿ ಎಲ್ಲಿ ಬರೆದೀತು? ಅದಕ್ಕೇ ಬಾಗಿಲು ತೆರೆದಿಟ್ಟಿದ್ದಾರೆ. ಸಾಧನ ನಮ್ಮದು, ಅದರ ಮೇಲೆ ಆ್ಯಪ್ ಯಾರು ಬೇಕಾದರೂ ಬರೆಯಿರಿ, ಮಾರಿಕೊಳ್ಳಿ ಎಂದಿದ್ದಾರೆ. ಕೆಳಗಿನ ಕಟ್ಟೆ ಅವರದು, ಮೇಲಿನ ಅಂಗಡಿಗಳು ಬೇರೆಯವರವು. ಆ ಕಟ್ಟೆಯೇ ಪ್ಲಾಟ್‌ಫಾರ್ಮ್. ಬಹುಮಾನ ಇಟ್ಟು ಒಂದು ಶನಿವಾರ ಹ್ಯಾಕಥಾನ್ ಮಾಡಿದರಂತೆ. ನೂರು ಹುಡುಗರು ಬಂದರು, ರಾತ್ರಿಯಿಡೀ ಕೂತರು, ಗೆದ್ದವರು ಚೆಕ್ ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಒಬ್ಬನೂ ತಿರುಗಿ ನೋಡಲಿಲ್ಲ.

"ನೀವು ಅಮೀರ್‌ಪೇಟೆಯಲ್ಲಿ ಅಷ್ಟು ವರ್ಷ ಹುಡುಗರಿಗೆ ಕಂಪ್ಯೂಟರ್ ಕಲಿಸಿದವರು. ಅವರು ಯಾವುದಕ್ಕೆ ಬರ್ತಾರೆ, ಯಾವುದಕ್ಕೆ ಬರೋದಿಲ್ಲ, ನಿಮಗೆ ಗೊತ್ತಿರಬೇಕಲ್ಲ" ಎಂದರು ಯಜಮಾನರು.

ಗೊತ್ತಿದೆ. ಆ ಓಣಿಗಳಲ್ಲಿ ನಿಂತವರಿಗೆ ಅದು ಗೊತ್ತಾಗದೆ ಇರುವುದಿಲ್ಲ. ಮೈತ್ರಿವನಂ ಕಟ್ಟಡದ ಎದುರು, ನೀಲಗಿರಿ ಬ್ಲಾಕ್, ಆದಿತ್ಯ ಎನ್‌ಕ್ಲೇವ್‌ಗಳ ಗೋಡೆಯ ಮೇಲೆ ಕಂಪ್ಯೂಟರ್ ಕ್ಲಾಸುಗಳ ಬೋರ್ಡು, ಒಂದರ ಮೇಲೊಂದು. ಲೋಕದಲ್ಲಿ ಯಾವ ಪ್ಲಾಟ್‌ಫಾರ್ಮ್ ಏಳುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಪತ್ರಿಕೆ ಓದಿ ತಿಳಿಯಬೇಕಾಗಿಲ್ಲ, ಆ ಬೋರ್ಡುಗಳನ್ನು ನೋಡಿದರೆ ಸಾಕು. ಒಂದು ಕಾಲಕ್ಕೆ ಒರಾಕಲ್ ಮತ್ತು ವಿಷುಯಲ್ ಬೇಸಿಕ್. ಆಮೇಲೆ ಜಾವಾ, ಡಾಟ್‌ನೆಟ್. ಆಮೇಲೆ ಆಂಡ್ರಾಯ್ಡ್, ಹಡೂಪ್, ಸೇಲ್ಸ್‌ಫೋರ್ಸ್. ಈಗ ಪೈಥಾನ್, ಕ್ಲೌಡ್, ಎಐ. ಹಳೆಯ ಬೋರ್ಡನ್ನು ಕೀಳಲೂ ಪುರುಸೊತ್ತಿಲ್ಲದೆ ಅದರ ಮೇಲೇ ಹೊಸದನ್ನು ಕಟ್ಟುತ್ತಾರೆ. ಗಾಳಿಗೆ ಮೇಲಿನದು ಹಾರಿದಾಗ ಹತ್ತು ವರ್ಷದ ಹಿಂದಿನ ಹೆಸರು ಇಣುಕುತ್ತದೆ.

ನನ್ನ ಮುಂದೆ ಕೂತವರು ಬೀದರ್, ಕಲಬುರಗಿ, ರಾಯಚೂರು, ಅನಂತಪುರ, ಕರೀಂನಗರದ ಮಕ್ಕಳು. ಎಸ್.ಆರ್. ನಗರದ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ವರು. ಒಂದು ಕಂಪ್ಯೂಟರನ್ನು ಇಬ್ಬರು ಸೇರಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಹಳೆಯದು ನೋಡಿ ಕೊಂಡಿರುತ್ತಿದ್ದರು. ಹೊಸದೊಂದನ್ನು ಹೇಳಿಕೊಟ್ಟ ಕೂಡಲೇ ಅವರು ಬಾಯಿಬಿಟ್ಟು ಕೇಳುತ್ತಿದ್ದ ಪ್ರಶ್ನೆ "ಸರ್, ಇದಕ್ಕೆ ಕೆಲಸ ಇದೆಯಾ?" ಬಾಯಿಬಿಡದೆ ಕೇಳುತ್ತಿದ್ದ ಪ್ರಶ್ನೆ ಬೇರೆ ಇತ್ತು: ಅಪ್ಪ ಮಾಡಿದ ಸಾಲ ತೀರುವವರೆಗಾದರೂ ಇದು ಇರುತ್ತದಾ?

ಅದಕ್ಕೇ ನಾನು ಯಜಮಾನರಿಗೆ ಹೇಳಿದೆ, ಪ್ಲಾಟ್‌ಫಾರ್ಮಿಗೆ ಜನ ಬರುವುದು ಎರಡನ್ನು ನೋಡಿ. ಒಂದು ಮೊದಲನೆಯ ಸಂಜೆ, ಇನ್ನೊಂದು ಹತ್ತನೆಯ ವರ್ಷ.

ಮೊದಲನೆಯ ಸಂಜೆ ಅಂದರೆ ಹೀಗೆ. ದಿನವೆಲ್ಲ ದುಡಿದೋ ಕ್ಲಾಸು ಕೇಳಿಯೋ ಹುಡುಗ ಕೋಣೆಗೆ ಬರುತ್ತಾನೆ. ಏಳು ಗಂಟೆ. ಹೊಸದೊಂದನ್ನು ನೋಡೋಣ ಎಂದು ಕೂರುತ್ತಾನೆ. ಮೆಸ್ಸಿನ ಊಟದ ಗಂಟೆ ಒಂಬತ್ತಕ್ಕೆ. ಈ ಎರಡು ತಾಸಿನೊಳಗೆ ಪರದೆಯ ಮೇಲೆ ತಾನು ಬರೆದದ್ದು ಏನಾದರೂ ಮೂಡಿತೋ, ಒಂದು ದೀಪ ಹತ್ತಿತೋ, ಒಂದು ಅಂಕಿ ಬಂತೋ, ಅವನು ನಾಳೆಯೂ ಬರುತ್ತಾನೆ. ಮೂಡಲಿಲ್ಲವೋ, ಊಟಕ್ಕೆ ಎದ್ದವನು ಮತ್ತೆ ಕೂರುವುದಿಲ್ಲ. ಅವನಿಗೆ ಸೋಮಾರಿತನ ಅಂತ ಅಲ್ಲ. ಅವನ ಹತ್ತಿರ ಇರುವ ಬಂಡವಾಳವೆಲ್ಲ ಆ ಸಂಜೆಗಳೇ. ಅದನ್ನು ಹಾಳು ಮಾಡಿದವರನ್ನು ಅವನು ಯಾಕೆ ಕ್ಷಮಿಸಬೇಕು?

ಆಂಡ್ರಾಯ್ಡ್ ಈ ಊರಿನಲ್ಲಿ ಹೇಗೆ ಬೆಳೆಯಿತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಐಫೋನಿನ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈನಲ್ಲಿ, ಸುಮಾರು 500 ಆ್ಯಪ್‌ಗಳೊಂದಿಗೆ. ಅದೇ ವರ್ಷದ ಕೊನೆಗೆ ಆಂಡ್ರಾಯ್ಡಿನ ಅಂಗಡಿಯೂ ತೆರೆಯಿತು. ಆಗ ಐಫೋನಿಗೆ ಬರೆಯಬೇಕಾದರೆ ಆ್ಯಪಲ್‌ನ ಕಂಪ್ಯೂಟರೇ ಬೇಕು, ಆಬ್ಜೆಕ್ಟಿವ್-ಸಿ ಎಂಬ ಭಾಷೆ ಹೊಸದಾಗಿ ಕಲಿಯಬೇಕು, ವರ್ಷವರ್ಷ 99 ಡಾಲರ್ ಕಟ್ಟಬೇಕು. ಆಂಡ್ರಾಯ್ಡಿಗೆ ಚೆನಾಯ್ ಸೆಂಟರಿನ ಹಳೆಯ ಕಂಪ್ಯೂಟರ್ ಸಾಕು. ಒಂದೇ ಸಲ 25 ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 1,100 ರೂಪಾಯಿ, ನಾಲ್ವರು ಸೇರಿದರೆ ಒಂದು ವಾರದ ಟಿಫಿನ್ ಖರ್ಚು. ಎಲ್ಲಕ್ಕಿಂತ ದೊಡ್ಡದು, ಬರೆಯುವ ಭಾಷೆ ಜಾವಾ. ಅಮೀರ್‌ಪೇಟೆಯಲ್ಲಿ ಜಾವಾ ಬಾರದ ಹುಡುಗನೇ ಇರಲಿಲ್ಲ. ಇದ್ದ ವಿದ್ಯೆಯನ್ನೇ ಇಟ್ಟುಕೊಂಡು ಹೊಸ ಮನೆಗೆ ಬಾ ಎಂದು ಕರೆದರು. ಮೊದಲನೆಯ ಸಂಜೆಯೇ ಫೋನಿನಲ್ಲಿ ತನ್ನ ಹೆಸರು ಮೂಡಿದ್ದನ್ನು ಕಂಡು ಸಿರುಗುಪ್ಪದ ಒಬ್ಬ ಹುಡುಗ ನನಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದ. ಅವನ ದನಿ ನನಗೆ ಇನ್ನೂ ನೆನಪಿದೆ.

"ಹಂಗಾದ್ರೆ ದುಡ್ಡು ಕೊಟ್ಟರೆ ಬರೋದಿಲ್ಲವಾ?" ಎಂದರು ಯಜಮಾನರು.

ಬರುತ್ತಾರೆ, ಆದರೆ ದುಡ್ಡಿಗೆ ಬರುತ್ತಾರೆ. 2013ರಲ್ಲಿ ಮೈಕ್ರೋಸಾಫ್ಟ್ ಅಮೆರಿಕದಲ್ಲಿ ಒಂದು ಆ್ಯಪ್ ಹಾಕಿದರೆ 100 ಡಾಲರ್, ಒಬ್ಬರಿಗೆ ಒಟ್ಟು 2,000 ಡಾಲರ್‌ವರೆಗೆ ಎಂದು ಸಾರಿತು. ಬ್ಲ್ಯಾಕ್‌ಬೆರಿ ಅದಕ್ಕೂ ಮುಂದೆ ಹೋಗಿ, ಗುಣಮಟ್ಟದ ಪರೀಕ್ಷೆ ಗೆದ್ದ ಆ್ಯಪ್ ಮೊದಲ ವರ್ಷ 1,000 ಡಾಲರ್ ದುಡಿದರೆ ಉಳಿದದ್ದನ್ನು ಸೇರಿಸಿ 10,000 ಮಾಡಿಕೊಡುತ್ತೇವೆ ಎಂದಿತು. ಆ ಎರಡು ಕಂಪನಿಗಳ ಫೋನುಗಳೂ ಇವತ್ತು ಇಲ್ಲ. ನೂರು ಡಾಲರಿಗಾಗಿ ಬರೆದ ಆ್ಯಪನ್ನು ನೂರು ಡಾಲರ್ ಕೈಗೆ ಬಂದ ಮೇಲೆ ಯಾರು ತಿದ್ದುತ್ತಾರೆ, ಯಾರು ಸಾಕುತ್ತಾರೆ? ಹೊಲ ಗುತ್ತಿಗೆಗೆ ಹಿಡಿದವನು ಬಾವಿ ತೋಡುವುದಿಲ್ಲ. ಹ್ಯಾಕಥಾನಿನ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ಹುಡುಗರಿಗೆ ಪರಸ್ಪರ ಪರಿಚಯವಾಗುತ್ತದೆ, ಅದು ಒಳ್ಳೆಯದು. ಆದರೆ ಎರಡನೆಯ ಸೋಮವಾರ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯನಿಗೆ ಆ ಬಹುಮಾನದ ದುಡ್ಡನ್ನು ಸಂಬಳವಾಗಿ ಕೊಟ್ಟಿದ್ದರೆ ನೂರರಲ್ಲಿ ಐವರಾದರೂ ಉಳಿಯುತ್ತಿದ್ದರು.

ಇನ್ನು ಹತ್ತನೆಯ ವರ್ಷದ ಮಾತು. ಇದೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು, ಬಿಸಿಲು ಏರುತ್ತಿದ್ದರೂ ಗೋಡೆ ಬಿಟ್ಟು ಕದಲದೆ ಹೇಳಿದೆ.

1998 ಈ ಊರಿಗೆ ದೊಡ್ಡ ವರ್ಷ. ಮಾದಾಪುರದ ಸೈಬರ್ ಟವರ್ಸ್ ಕಟ್ಟಡವನ್ನು ಪ್ರಧಾನಿ ವಾಜಪೇಯಿ ಉದ್ಘಾಟಿಸಿದ್ದು ಆ ವರ್ಷದ ನವೆಂಬರಿನಲ್ಲಿ. ಮೈಕ್ರೋಸಾಫ್ಟ್ ಇಲ್ಲಿ ತನ್ನ ಡೆವಲಪ್‌ಮೆಂಟ್ ಸೆಂಟರ್ ತೆರೆದದ್ದು ಆ ವರ್ಷ. ಗಚ್ಚಿಬೌಲಿಯ ಟ್ರಿಪಲ್ ಐಟಿ ಹುಟ್ಟಿದ್ದೂ ಆಗಲೇ. ವಿಷುಯಲ್ ಬೇಸಿಕ್‌ನ ಆರನೆಯ ಆವೃತ್ತಿ ಬಂದದ್ದೂ ಅದೇ ವರ್ಷ. ಆ ವಿಷುಯಲ್ ಬೇಸಿಕ್ ಕಲಿತು ನಮ್ಮ ಕಡೆಯ ಹುಡುಗರು ಮಾಡಿದ ಕೆಲಸ ಒಂದೆರಡಲ್ಲ. ದಾಲ್ ಮಿಲ್ಲಿನ ಲೆಕ್ಕ, ಔಷಧ ಅಂಗಡಿಯ ಬಿಲ್ಲು, ಶಾಲೆಯ ಫೀಸು. 2002ರಲ್ಲಿ ಡಾಟ್‌ನೆಟ್ ಬಂತು. ಅದರಲ್ಲಿಯೂ ವಿಷುಯಲ್ ಬೇಸಿಕ್ ಎಂಬ ಹೆಸರಿತ್ತು, ಆದರೆ ಹಳೆಯದರಲ್ಲಿ ಬರೆದದ್ದನ್ನು ಎತ್ತಿ ಹೊಸದರಲ್ಲಿಟ್ಟರೆ ನಡೆಯುತ್ತಿರಲಿಲ್ಲ. ಹೆಸರು ಅದೇ, ಮನೆ ಬೇರೆ. ಲೋಕದ ತುಂಬ ಹಳೆಯ ವಿಷುಯಲ್ ಬೇಸಿಕ್ ಬರೆದವರು ನೊಂದುಕೊಂಡರು, ಹಳೆಯದನ್ನು ಉಳಿಸಿ ಎಂದು ಸಹಿ ಹಾಕಿ ಮನವಿ ಕೊಟ್ಟರು. ಆದರೂ ಒಂದು ಮಾತು ಹೇಳಲೇಬೇಕು. ಆಗ ಕಟ್ಟಿದ ಪ್ರೋಗ್ರಾಮು ಇವತ್ತಿನ ವಿಂಡೋಸಿನಲ್ಲೂ ಓಡುತ್ತದೆ. ರಾಯಚೂರಿನ ಒಂದು ಅಂಗಡಿಯಲ್ಲಿ ನನ್ನ ಶಿಷ್ಯನೊಬ್ಬ ಬರೆದ ಬಿಲ್ಲಿನ ಪ್ರೋಗ್ರಾಮು ಇಪ್ಪತ್ತು ವರ್ಷ ದಾಟಿಯೂ ನಡೆಯುತ್ತಿದೆ. ಅಂಗಡಿಯವರು ಅದನ್ನು ಮನೆಯ ಹಿರಿಯರಂತೆ ನೋಡಿಕೊಳ್ಳುತ್ತಾರೆ.

ಹಳೆಯ ಪ್ರೋಗ್ರಾಮನ್ನು ಕಾಪಾಡುವುದರಲ್ಲಿ ಮೈಕ್ರೋಸಾಫ್ಟಿನವರು ಎಂಥ ಶ್ರದ್ಧೆಯವರಾಗಿದ್ದರು ಎನ್ನುವುದಕ್ಕೆ ಒಂದು ಕಥೆ ಇದೆ. ಸಿಮ್‌ಸಿಟಿ ಎಂಬ ಆಟ, ನಗರ ಕಟ್ಟುವುದು. ಅದರಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು: ಬೇಡ ಎಂದು ವಾಪಸು ಕೊಟ್ಟ ನೆನಪಿನ ಜಾಗವನ್ನು ಮರುಗಳಿಗೆಯೇ ಮತ್ತೆ ಬಳಸುತ್ತಿತ್ತು. ಹಳೆಯ ವಿಂಡೋಸಿನಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು, ವಿಂಡೋಸ್ 95ರಲ್ಲಿ ನಡೆಯುವಂತಿರಲಿಲ್ಲ. ತಪ್ಪು ಆಟದವರದು. ಆದರೆ ವಿಂಡೋಸಿನವರು ತಮ್ಮ ಮೂಲದಲ್ಲೇ ಒಂದು ಏರ್ಪಾಡು ಮಾಡಿದರು. ಓಡುತ್ತಿರುವುದು ಸಿಮ್‌ಸಿಟಿ ಎಂದು ಕಂಡರೆ ಹಳೆಯ ರೀತಿಯಲ್ಲೇ ನಡೆದುಕೋ ಎಂದು ಅದಕ್ಕೆ ಕಲಿಸಿದರು. ಒಂದು ಆಟಕ್ಕಾಗಿ! ಅದನ್ನು ಕೊಂಡವನಿಗೆ ಹೊಸ ವಿಂಡೋಸ್ ತಂದ ಮೇಲೆ ಆಟ ನಿಂತುಹೋಯಿತು ಎಂದಾಗಬಾರದು, ಅದನ್ನು ಬರೆದವನಿಗೆ ಕೆಟ್ಟ ಹೆಸರು ಬರಬಾರದು ಎಂಬ ಕಾಳಜಿ. ಇಂಥ ಕಡೆ ಜನ ಅಂಗಡಿ ಇಡದೆ ಇನ್ನೆಲ್ಲಿ ಇಡುತ್ತಾರೆ?

ಅದೇ ಕಂಪನಿ ಫೋನಿನ ವಿಷಯಕ್ಕೆ ಬಂದಾಗ ಈ ಗುಣವನ್ನು ಕೈಬಿಟ್ಟಿತು. ಹಳೆಯ ವಿಂಡೋಸ್ ಮೊಬೈಲಿಗೆ ಬರೆದ ಆ್ಯಪ್‌ಗಳು 2010ರ ವಿಂಡೋಸ್ ಫೋನ್ 7ರಲ್ಲಿ ನಡೆಯಲಿಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ಜೊತೆಗೂಡಿತು, ನಮ್ಮ ಊರುಗಳಲ್ಲಿ ನೋಕಿಯಾ ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದ ಕಾಲ ಅದು. ಮರುವರ್ಷ ಜೂನಿನಲ್ಲಿ, 7 ಇರುವ ಫೋನುಗಳಿಗೆ ಮುಂದಿನ 8 ಸಿಗುವುದಿಲ್ಲ ಎಂದರು. 7ಕ್ಕೆ ಬರೆಯಲು ಕಲಿಸಿದ ಸಿಲ್ವರ್‌ಲೈಟ್ ಮತ್ತು ಎಕ್ಸ್‌ಎನ್‌ಎ ಎಂಬ ಎರಡು ವಿದ್ಯೆಗಳೂ ಬೆಳೆಯದೆ ನಿಂತವು. ಆಮೇಲೆ ವಿಂಡೋಸ್ 10ಕ್ಕೆ ಮತ್ತೊಂದು ದಾರಿ. ಫೋನೇನೋ ಚೆನ್ನಾಗಿತ್ತು. ಲುಮಿಯಾ 520 ಕೈಯಲ್ಲಿ ಹಿಡಿದವರಿಗೆ ಗೊತ್ತು, ಅಷ್ಟು ಕಡಿಮೆ ಬೆಲೆಗೆ ಅಷ್ಟು ನಯವಾಗಿ ಓಡುವ ಫೋನು ಆಗ ಇನ್ನೊಂದಿರಲಿಲ್ಲ. ಆದರೆ ಬರೆಯುವವರು ಒಮ್ಮೆ ಬಂದರು, ಎರಡನೆಯ ಸಲ ಯೋಚಿಸಿದರು, ಮೂರನೆಯ ಸಲ ಬರಲಿಲ್ಲ. ಯೂಟ್ಯೂಬಿಗೆ ಗೂಗಲ್ ಅಲ್ಲಿ ಸರಿಯಾದ ಆ್ಯಪನ್ನೇ ಕೊಡಲಿಲ್ಲ. ಆ್ಯಪ್ ಇಲ್ಲ ಎಂದು ಕೊಳ್ಳುವವರು ಬರಲಿಲ್ಲ, ಕೊಳ್ಳುವವರು ಇಲ್ಲ ಎಂದು ಬರೆಯುವವರು ಬರಲಿಲ್ಲ. 2017ರಲ್ಲಿ ಇನ್ನು ಹೊಸದೇನೂ ಸೇರಿಸುವುದಿಲ್ಲ ಎಂದು ಅವರೇ ಹೇಳಿದರು.

ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವಾಗ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕದ ಸಾಲು ಹರಡುತ್ತದೆ. ನಾನು ಅಲ್ಲಿಗೆ ಕಾದಂಬರಿ ಹುಡುಕಲು ಹೋಗುತ್ತೇನೆ. ಪ್ರತಿ ಸಲವೂ ಸಿಲ್ವರ್‌ಲೈಟ್, ಫ್ಲ್ಯಾಶ್, ಸಿಂಬಿಯನ್ ಪುಸ್ತಕಗಳು ಕಣ್ಣಿಗೆ ಬೀಳುತ್ತವೆ. ಇಟ್ಟಿಗೆಯಷ್ಟು ದಪ್ಪ. ಮೊದಲ ಪುಟದಲ್ಲಿ ಹುಡುಗರ ಹೆಸರು, ಅಂಚಿನಲ್ಲಿ ಪೆನ್ಸಿಲಿನ ಗುರುತು, ಒಂದೊಂದು ಕಡೆ ತೆಲುಗಿನಲ್ಲಿ ಅರ್ಥ ಬರೆದುಕೊಂಡದ್ದು. ಆ ಗುರುತುಗಳನ್ನು ನೋಡಿದಾಗಲೆಲ್ಲ ನನಗೆ ಎಷ್ಟು ಸಂಜೆಗಳು ಇಲ್ಲಿ ಬಿದ್ದಿವೆ ಎನಿಸುತ್ತದೆ.

ಇದೇ ಊರಿನ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ಇಂಜಿನಿಯರಿಂಗಿಗೆ ನಮ್ಮ ಮಣಿಪಾಲಕ್ಕೆ ಹೋದ ಸತ್ಯ ನಾದೆಲ್ಲ 2014ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ಆ ವರ್ಷವೇ ಡಾಟ್‌ನೆಟ್‌ನ ಒಳಗನ್ನು ಲೋಕಕ್ಕೆ ತೆರೆದಿಡುತ್ತೇವೆ ಎಂದರು. 2015ರಲ್ಲಿ ವಿಎಸ್ ಕೋಡ್ ಎಂಬ ಬರೆಯುವ ಉಪಕರಣವನ್ನು ಪುಕ್ಕಟೆ ಕೊಟ್ಟರು, ಲಿನಕ್ಸ್ ಇರಲಿ, ಆ್ಯಪಲ್ ಇರಲಿ, ಎಲ್ಲದರಲ್ಲೂ ಓಡುವಂಥದ್ದು. 2018ರಲ್ಲಿ ಪ್ರೋಗ್ರಾಮರುಗಳೆಲ್ಲ ತಮ್ಮ ಬರವಣಿಗೆ ಇಡುವ ಗಿಟ್‌ಹಬ್ ಅನ್ನು 750 ಕೋಟಿ ಡಾಲರ್ ಕೊಟ್ಟು ಕೊಂಡರು. ನನ್ನ ಎಣಿಕೆಯಲ್ಲಿ ಇವೆಲ್ಲ ಕಳೆದುಕೊಂಡ ನಂಬಿಕೆಯನ್ನು ಕಂತುಕಂತಾಗಿ ತೀರಿಸಿದ್ದು. ಬರೆಯುವವನನ್ನು ನಮ್ಮ ಮನೆಗೆ ಬಾ ಎನ್ನುವ ಬದಲು ಅವನಿರುವ ಮನೆಗೆ ತಾವೇ ಹೋದರು.

ಯಜಮಾನರು ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು ಲೋಟವನ್ನು ಕೆಳಗಿಟ್ಟರು. "ಇದು ಗೇಜಿನ ಕಥೆ ಕಣ್ರೀ" ಎಂದರು.

ಆಮೇಲೆ ಮಾತಾಡಿದ್ದು ಅವರೇ. ಆಗಿನ ಗುಂತಕಲ್ಲಿನಲ್ಲಿ ಮುಂಬಯಿ, ಮದರಾಸಿನ ಕಡೆಯ ಹಳಿ ಬ್ರಾಡ್‌ಗೇಜ್. ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿಯ ಕಡೆ ಹೋಗುವುದು ಮೀಟರ್‌ಗೇಜ್. ಎರಡು ಹಳಿಗಳ ಅಗಲಕ್ಕೆ ಎರಡು ಅಡಿಗೂ ಹೆಚ್ಚು ವ್ಯತ್ಯಾಸ. ಹುಬ್ಬಳ್ಳಿಯ ಕಡೆಯಿಂದ ಬಂದ ಹತ್ತಿಯ ಮೂಟೆಯೂ ಮದರಾಸಿಗೆ ಹೋಗಬೇಕಾದರೆ ಗುಂತಕಲ್ಲಿನಲ್ಲಿ ಇಳಿಯಬೇಕು, ಹಮಾಲಿಗಳು ಹೊತ್ತು ಇನ್ನೊಂದು ಬೋಗಿಗೆ ತುಂಬಬೇಕು. ಮಳೆಗಾಲದಲ್ಲಿ ಅರ್ಧ ಮಾಲು ನೆನೆಯುತ್ತಿತ್ತು. "ಆ ಹಮಾಲಿತನ ಇರೋ ತನಕ ಎಷ್ಟೋ ವ್ಯಾಪಾರಿಗಳು ಲಾರಿಗೇ ಹಾಕಿಬಿಡೋರು. ರೈಲು ಅಗ್ಗ ಅಂತ ಗೊತ್ತಿದ್ರೂ." 1990ರ ದಶಕದಲ್ಲಿ ಇಡೀ ದೇಶಕ್ಕೆ ಒಂದೇ ಗೇಜ್ ಮಾಡುವ ಕೆಲಸ ಶುರುವಾದ ಮೇಲೆ ಆ ಹಳಿಯೂ ಅಗಲವಾಯಿತು. ಗಾಡಿ ನಿಲ್ಲದೆ ದಾಟಿಹೋದದ್ದನ್ನು ಮೊದಲ ದಿನ ನೋಡಿ ಹಳೆಯ ಹಮಾಲಿಯೊಬ್ಬ ಕೈ ಮುಗಿದನಂತೆ.

ಎಷ್ಟು ಸರಿಯಾಗಿ ಹೇಳಿದರು! ಪ್ಲಾಟ್‌ಫಾರ್ಮಿನವರು ಗೇಜ್ ಬದಲಿಸಿದಾಗಲೆಲ್ಲ ಮೂಟೆ ಹೊರುವವನು ಆ್ಯಪ್ ಬರೆದ ಹುಡುಗ. ನನ್ನ ವಿದ್ಯಾರ್ಥಿಯೊಬ್ಬ ಈ ಊರಿನ ಸಿಟಿ ಬಸ್ಸಿನ ನಂಬರುಗಳನ್ನು ಹುಡುಕುವ ಆ್ಯಪ್ ಮಾಡಿದ್ದ. ನಕ್ಷೆ ಯಾವುದೋ ಒಂದು ಕಂಪನಿಯದು, ಪುಕ್ಕಟೆ. ಒಂದು ಬೆಳಿಗ್ಗೆ ಅವರು ನಿಯಮ ಬದಲಿಸಿದರು, ಪುಕ್ಕಟೆ ಹೋಯಿತು. ಅವನಿಗೆ ತಿಳಿದದ್ದು ಬಸ್ ಸ್ಟಾಪಿನಲ್ಲಿ ನಿಂತ ಹೆಂಗಸೊಬ್ಬಳು ನಿನ್ನ ಆ್ಯಪ್ ಬೆಳ್ಳಗಾಗಿದೆ ಎಂದು ಬರೆದಾಗ. ಅವನು ಮತ್ತೆ ಆ್ಯಪ್ ಬರೆಯಲೇ ಇಲ್ಲ. ಈಗ ಚೆನ್ನಾಗಿಯೇ ಇದ್ದಾನೆ, ಬ್ಯಾಂಕಿನಲ್ಲಿ ಕೆಲಸ, ಆದರೂ ನನಗೆ ಆ ಆ್ಯಪಿನ ಬಗ್ಗೆ ಸಂಕಟವಿದೆ.

ಗೇಜ್ ಬದಲಿಸದೆ ಮಾತು ಉಳಿಸಿಕೊಂಡದ್ದಕ್ಕೂ ಒಂದು ಉದಾಹರಣೆ ಬೇಕಲ್ಲ. ಅದು ನಮ್ಮಿಬ್ಬರ ಗೋಡೆಯಷ್ಟೇ ಹತ್ತಿರದ್ದು. ಯುನಿಕೋಡ್ ಎಂಬ ಲೆಕ್ಕದಲ್ಲಿ ಲೋಕದ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ನಂಬರು. ಅದರಲ್ಲಿ ತೆಲುಗಿಗೆ 128 ಮನೆಗಳ ಒಂದು ಓಣಿ, ಅದು ಮುಗಿದ ಕೂಡಲೇ ಮುಂದಿನ 128 ಮನೆಗಳ ಓಣಿ ಕನ್ನಡದ್ದು. ಅಲ್ಲಿಯೂ ನಾವು ಪಕ್ಕದ ಮನೆಯವರೇ! ಅಷ್ಟೇ ಅಲ್ಲ, ಐಎಸ್‌ಸಿಐಐ ಎಂಬ ಭಾರತೀಯ ಲಿಪಿಗಳ ಸರ್ಕಾರಿ ಪಟ್ಟಿಯ ಕ್ರಮವನ್ನೇ ಯುನಿಕೋಡಿನವರು ಹಿಡಿದದ್ದರಿಂದ ತೆಲುಗಿನ ಕ ಇರುವ ಮನೆಯಿಂದ ಎಣಿಸಿ 128 ಮನೆ ದಾಟಿದರೆ ಸಿಗುವುದು ಕನ್ನಡದ ಕ. ತೆಲುಗಿಗೆ ಬರೆದ ಎಷ್ಟೋ ಪ್ರೋಗ್ರಾಮುಗಳನ್ನು ಸ್ವಲ್ಪ ತಿದ್ದಿ ಕನ್ನಡಕ್ಕೆ ತರಬಹುದು.

ಇದು ಬಳಕೆಗೆ ಬರುವ ಮೊದಲು ನಮ್ಮ ಕನ್ನಡದ ಸ್ಥಿತಿ ಗುಂತಕಲ್ಲಿನ ಯಾರ್ಡಿನಂತೆಯೇ ಇತ್ತು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದು ಸಾವಿರಾರು ಮನೆಗಳಿಗೆ ಕನ್ನಡ ತಲುಪಿಸಿತು, ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನು ಸೇರಿತು, ಪತ್ರಿಕೆಗಳು ತಮ್ಮತಮ್ಮ ಫಾಂಟು ಇಟ್ಟುಕೊಂಡವು. ಒಬ್ಬೊಬ್ಬರ ಉಪಕಾರವೂ ದೊಡ್ಡದು. ಆದರೆ ಒಂದರಲ್ಲಿ ಬರೆದ ಕ ಇನ್ನೊಂದರಲ್ಲಿ ತೆರೆದರೆ ಗುರುತು ಸಿಗದ ಚಿಹ್ನೆಯಾಗುತ್ತಿತ್ತು. ಅಂಥದ್ದರ ಮೇಲೆ ನಿಘಂಟು ಯಾರು ಕಟ್ಟುತ್ತಾರೆ? ಹುಡುಕುವ ಆ್ಯಪ್ ಯಾರು ಬರೆಯುತ್ತಾರೆ? ಯುನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇತ್ತು. ಆದರೆ ಫೋನು ಅದನ್ನು ಸರಿಯಾಗಿ ತೋರಿಸಬೇಕಲ್ಲ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಮೂರನ್ನೂ ಒಟ್ಟಿಗೆ ಒಳಗೆ ಬಿಟ್ಟುಕೊಂಡಿತು. ಅಲ್ಲಿಯವರೆಗೆ ಚೌಕ ಚೌಕ ಡಬ್ಬಿಗಳನ್ನು ನೋಡುತ್ತಿದ್ದ ನಾವು ಫೋನಿನಲ್ಲಿ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂತದ್ದನ್ನು ಆಗ ಕಂಡೆವು.

ಯುನಿಕೋಡಿನವರೂ ಹುಟ್ಟುತ್ತಲೇ ಮಾತಿಗೆ ನಿಂತವರಲ್ಲ. 1996ರಲ್ಲಿ ಕೊರಿಯನ್ ಭಾಷೆಯ ಸಾವಿರಾರು ಅಕ್ಷರಗಳನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಟ್ಟರು. ಮೊದಲು ಬರೆದಿಟ್ಟದ್ದೆಲ್ಲ ಕೆಟ್ಟಿತು. ಆ ಪೆಟ್ಟು ತಿಂದ ಮೇಲೆ ಒಂದು ಶಾಸನ ಮಾಡಿಕೊಂಡರು. ಇನ್ನು ಮುಂದೆ ಒಮ್ಮೆ ಕೊಟ್ಟ ಮನೆ ನಂಬರು ಎಂದೆಂದಿಗೂ ಬದಲಾಗುವುದಿಲ್ಲ, ತೆಗೆಯುವುದೂ ಇಲ್ಲ. ಇವತ್ತು ನಾನು ಬರೆದಿಡುವ ಕನ್ನಡವನ್ನು ಮೊಮ್ಮಕ್ಕಳ ಕಾಲದ ಯಂತ್ರವೂ ಓದಬಲ್ಲದು ಎಂದು ಧೈರ್ಯವಾಗಿ ನಂಬುವುದು ಆ ಒಂದು ಸಾಲಿನ ಮೇಲೆ.

ಅಷ್ಟರಲ್ಲಿ ಹುಡುಗಿಯೇ ತಲೆ ಒರೆಸಿಕೊಳ್ಳುತ್ತಾ ಬಂದು ಗೋಡೆಗೆ ಒರಗಿದಳು. ಮುಕ್ಕಾಲು ಭಾಗ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. "ಅಂಕಲ್, ಮೊದಲು ರೈತರು ಬರಬೇಕಾ, ಮೊದಲು ಆ್ಯಪ್ ಬರೆಯೋರು ಬರಬೇಕಾ? ನಮ್ಮ ಆಫೀಸಿನಲ್ಲಿ ದಿನಾ ಇದೇ ಜಗಳ" ಎಂದಳು.

ಅದಕ್ಕೆ ನಾನು ಈ ಊರಿನದೇ ಒಂದು ಕಥೆ ಹೇಳಿದೆ. ಮಾಸಬ್ ಟ್ಯಾಂಕಿನಲ್ಲಿ ರಿಸರ್ವ್ ಬ್ಯಾಂಕ್ 1996ರಲ್ಲಿ ಕಟ್ಟಿದ ಐಡಿಆರ್‌ಬಿಟಿ ಎಂಬ ಸಂಸ್ಥೆ ಇದೆ, ಆ ದಾರಿಯಲ್ಲಿ ಅವಳು ಓಡಾಡಿದ್ದಾಳೆ. ಒಂದು ಬ್ಯಾಂಕಿನ ಕಾರ್ಡು ಇನ್ನೊಂದು ಬ್ಯಾಂಕಿನ ಎಟಿಎಂನಲ್ಲಿ ನಡೆಯುವಂತೆ ಮಾಡುವ ಜಾಲವನ್ನು 2004ರಲ್ಲಿ ಅವರು ಶುರುಮಾಡಿದಾಗ ಸೇರಿದ್ದು ಮೂರೇ ಬ್ಯಾಂಕು. ಅದರಲ್ಲಿ ಒಂದು ಉಡುಪಿಯಲ್ಲಿ ಹುಟ್ಟಿದ ನಮ್ಮ ಕಾರ್ಪೊರೇಷನ್ ಬ್ಯಾಂಕು. ಎಲ್ಲರೂ ಬರಲಿ ಎಂದು ಕಾದಿದ್ದರೆ ಆ ಮೂರೂ ಬರುತ್ತಿರಲಿಲ್ಲ. 2009ರಲ್ಲಿ ಆ ಜಾಲ ಎನ್‌ಪಿಸಿಐ ಕೈಗೆ ಹೋಯಿತು, 2016ರಲ್ಲಿ ಯುಪಿಐ ತಂದವರೂ ಅವರೇ. "ಮೂರು ಅಂಗಡಿ ನೀವೇ ಇಡಿ" ಎಂದೆ ಅವಳಿಗೆ. "ಮೆಣಸಿನಕಾಯಿಗೆ ಒಂದು, ಭತ್ತಕ್ಕೆ ಒಂದು, ಹೂವಿಗೆ ಒಂದು. ಹೊರಗಿನವರಿಗೆ ಕೊಟ್ಟ ದಾರಿಯಲ್ಲೇ ನಡೆದು ಬರೆಯಿರಿ, ಒಳದಾರಿ ಹಿಡಿಯಬೇಡಿ. ಆಗ ಎಲ್ಲಿ ಕಲ್ಲಿದೆ ನಿಮಗೇ ಕಾಣುತ್ತದೆ."

ಅವತ್ತು ಸಂಜೆ ಏಳಕ್ಕೆ ಅವಳು ಆ ಸಾಧನವನ್ನೂ ಲ್ಯಾಪ್‌ಟಾಪನ್ನೂ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. ನಾನು ಒಂದೇ ಷರತ್ತು ಹಾಕಿದೆ. ನಾನು ಮಾಡುತ್ತೇನೆ, ನೀನು ಪಕ್ಕದಲ್ಲಿ ಕೂತು ನೋಡು, ಆದರೆ ಬಾಯಿ ಬಿಡಬಾರದು. ನಿಮ್ಮ ಪುಟದಲ್ಲಿ ಏನು ಬರೆದಿದೆಯೋ ಅಷ್ಟೇ ನನಗೆ ದಾರಿ.

ಮೊದಲ ಎರಡು ಹೆಜ್ಜೆ ಸರಾಗ. ಮೂರನೆಯದರಲ್ಲಿ "ನಿಮ್ಮ ಕೀ ಇಲ್ಲಿ ಹಾಕಿ" ಎಂದಿತ್ತು. ಕೀ ಎಲ್ಲಿ ಸಿಗುತ್ತದೆ ಎಂದಿರಲಿಲ್ಲ. ಹುಡುಕಿದೆ. ಬೇರೆ ಪುಟದ ಕೆಳತುದಿಯಲ್ಲಿ ಒಂದು ಅರ್ಜಿ. ತುಂಬಿ ಕಳಿಸಿದೆ. "ಎರಡು ಕೆಲಸದ ದಿನಗಳಲ್ಲಿ ನಿಮಗೆ ತಿಳಿಸಲಾಗುವುದು" ಎಂದು ಬಂತು. ಗಡಿಯಾರ ನೋಡಿದೆ. ಏಳೂ ಮೂವತ್ತೈದು.

ಹುಡುಗಿ ಮಾತಾಡಲಿಲ್ಲ. ಅವಳ ಕಣ್ಣು ತುಂಬಿತ್ತು. ಆ ಅರ್ಜಿ ಇಟ್ಟವರು ಅವಳ ಆಫೀಸಿನವರೇ, ಕಳ್ಳರು ಬರಬಾರದೆಂದು, ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು. ಪ್ರತಿ ಅರ್ಜಿಯನ್ನು ಒಬ್ಬರು ಓದಿ ಒಪ್ಪಬೇಕಂತೆ, ಅವರಿಗೆ ಬೇರೆ ಕೆಲಸವೂ ಇರುತ್ತದಂತೆ. ಬಂದ ಒಬ್ಬೊಬ್ಬರ ಮೊದಲನೆಯ ಸಂಜೆಯೂ ಅಲ್ಲಿಯೇ ಮುಗಿದಿತ್ತು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಲ್ಯಾಪ್‌ಟಾಪ್ ಮುಚ್ಚಿದಳು, ಅಜ್ಜನ ಮನೆಗೆ ಹೋದಳು.

ಹತ್ತು ದಿನ ಗೋಡೆಯ ಹತ್ತಿರ ಅವಳ ಸುಳಿವಿಲ್ಲ. ಹನ್ನೊಂದನೆಯ ಸಂಜೆ ಆಚೆಯಿಂದಲೇ ಕೂಗಿದಳು. "ಅಂಕಲ್, ಈಗ ಬನ್ನಿ." ಈಗ ಕೀ ಆ ಕ್ಷಣಕ್ಕೇ ಸಿಗುತ್ತದೆ, ದಿನಕ್ಕೆ ಇಷ್ಟು ಸಲ ಮಾತ್ರ ಎಂಬ ಮಿತಿಯೊಂದಿಗೆ. ದೊಡ್ಡದಾಗಿ ಬೇಕಾದವರಷ್ಟೇ ಅರ್ಜಿ ಹಾಕಬೇಕು. ಪುಟದ ತಲೆಯಲ್ಲಿ ಒಂದು ಹೊಸ ಸಾಲು ಇತ್ತು: ಇವತ್ತು ಇದರ ಮೇಲೆ ಬರೆದ ಆ್ಯಪ್ ಐದು ವರ್ಷದವರೆಗೆ ತಿದ್ದದೆ ಓಡುತ್ತದೆ. ಹತ್ತು ವರ್ಷಕ್ಕೆ ಮಾಲೀಕರು ಒಪ್ಪಲಿಲ್ಲವಂತೆ, ವಾದ ಮಾಡಿ ಐದಕ್ಕೆ ತಂದಳಂತೆ. ಹೆಜ್ಜೆಗಳನ್ನು ತೆಲುಗಿನಲ್ಲಿ ಅವಳೇ ಬರೆದಿದ್ದಾಳೆ, ಕನ್ನಡದ್ದು ನನ್ನ ಪಾಲಿಗೆ ಬಂದಿದೆ. ಏಳು ಪುಟ ಮುಗಿದಿವೆ, ಇನ್ನು ನಾಲ್ಕಿವೆ.

ಸಾಧನವನ್ನು ಅವರ ತುಳಸಿ ಕಟ್ಟೆಯ ಮಣ್ಣಿಗೆ ಚುಚ್ಚಿದೆವು. ಏಳೂ ಇಪ್ಪತ್ತಕ್ಕೆ ನನ್ನ ಪರದೆಯ ಮೇಲೆ ಒಂದು ಅಂಕಿ ಮೂಡಿತು, 23. ಯಜಮಾನರು ಒಂದು ಚೊಂಬು ನೀರು ತಂದು ತುಳಸಿಗೆ ಹಾಕಿದರು. ಮೂವರೂ ಬಗ್ಗಿ ನೋಡಿದೆವು. 23 ಇದ್ದದ್ದು 31 ಆಯಿತು, 38 ಆಯಿತು. ಅವರು ಇನ್ನೊಂದು ಚೊಂಬು ತರಲು ಒಳಗೆ ಹೋದರು.